ಕರುಣೆಯ ಆಶ್ರಯ ಯಾರು? – ‘ಶರಪಂಜರ’, ‘ಒಡಕಲು ಬಿಂಬ’ ಮತ್ತು ‘ಅಸ್ತು’

ಅಂಗವೈಕಲ್ಯ ಮತ್ತು ಮನೋರೋಗಗಳನ್ನು ವಸ್ತುವಾಗಿಸಿಕೊಂಡ ಭಾವಪ್ರಧಾನ ಕೃತಿಗಳ ವಿಮರ್ಶೆಯಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಕೃತಿಯು ನಮ್ಮ ಮನವನ್ನು ಕಲಕಿತೇ? ಈ ಪ್ರಶ್ನೆ ಸಾಲದು. ಕಾವ್ಯಮೀಮಾಂಸೆಯು ಆಲಂಬನ ಮತ್ತು ಆಶ್ರಯಗಳ ನಡುವೆ ಮಾಡಿರುವ ವಿಂಗಡಣೆ ಇಲ್ಲಿ ನೆರವಿಗೆ ಬರುತ್ತದೆ. ಯಾರನ್ನು ಕುರಿತು ಭಾವವು ಹುಟ್ಟುತ್ತದೆಯೋ ಆ ಪಾತ್ರ ಆಲಂಬನ. ಯಾರಲ್ಲಿ ಹುಟ್ಟುತ್ತದೆಯೋ ಆ ಪಾತ್ರ ಆಶ್ರಯ. ನಮ್ಮ ಬಹುಪಾಲು ಕಥೆಗಳಲ್ಲಿ ಕುರುಡ, ಕುಂಟ, ಬುದ್ಧಿಭ್ರಮಣೆಗೊಂಡವಳು ಆಲಂಬನ ಮಾತ್ರ. ಅಳುವವರು, ತ್ಯಾಗ ಮಾಡುವವರು, ಕೊನೆಯಲ್ಲಿ ದೊಡ್ಡವರಾಗುವವರು ಬೇರೆಯವರು. ರೋಗಿಗೆ ನೋವಿದೆ, ಆದರೆ ಆ ನೋವಿನ ಒಡೆತನವಿಲ್ಲ. ಈ ದೃಷ್ಟಿಯಿಂದ ಮೂರು ಕೃತಿಗಳನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡದಲ್ಲಿ ಈ ಸ್ಥಿತಿಯನ್ನು ಮೊದಲು ಗಂಭೀರವಾಗಿ ಅಲುಗಿಸಿದವರಲ್ಲಿ ತ್ರಿವೇಣಿ (1928–1963) ಪ್ರಮುಖರು. ‘ಶರಪಂಜರ’ದ ಕಾವೇರಿ ಬಾಣಂತಿತನದಲ್ಲಿ ಮನೋರೋಗಕ್ಕೆ ತುತ್ತಾಗಿ, ಚಿಕಿತ್ಸೆ ಪಡೆದು, ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ಕಾದಂಬರಿಯ ನಿಜವಾದ ಕಥೆ ಆರಂಭವಾಗುವುದು ಅಲ್ಲಿಂದ. ಅವಳು ಧ್ವನಿಯೇರಿಸಿದರೆ ಅದು ಸಿಟ್ಟಲ್ಲ, ರೋಗ. ಮೌನವಾಗಿದ್ದರೆ ಅದು ಬೇಸರವಲ್ಲ, ರೋಗ. ಆಸ್ಪತ್ರೆಯು ಗುಣವಾಯಿತೆಂದು ಕಳುಹಿಸಿದವಳನ್ನು ಮನೆಯು ಗುಣವಾದವಳೆಂದು ಒಪ್ಪುವುದಿಲ್ಲ. ಶರಗಳನ್ನು ಹೂಡಿದವರು ಸುತ್ತಲಿನವರು ಎಂಬುದನ್ನು ಶೀರ್ಷಿಕೆಯೇ ಸಾರುತ್ತದೆ. ಓದುಗನು ಅವಳನ್ನು ಹೊರಗಿನಿಂದ ನೋಡಿ ಮರುಗುವುದಿಲ್ಲ; ಅವಳ ಕಣ್ಣಿನಿಂದ ಮನೆಯವರನ್ನು ನೋಡಿ ಬೆಚ್ಚುತ್ತಾನೆ. ಆಲಂಬನವಾಗಿದ್ದವಳು ಆಶ್ರಯವಾದದ್ದು ಹೀಗೆ. ಪುಟ್ಟಣ್ಣ ಕಣಗಾಲರ ಚಲನಚಿತ್ರದ ಜನಪ್ರಿಯತೆಯಲ್ಲಿ ಕಾವೇರಿಯ ಉನ್ಮಾದದ ದೃಶ್ಯಗಳೇ ಹೆಚ್ಚು ನೆನಪಿನಲ್ಲುಳಿದವು. ಆದರೆ ಕಾದಂಬರಿಯ ಸತ್ತ್ವವಿರುವುದು ಅವಳು ಸ್ವಸ್ಥಳಾಗಿರುವ ದಿನಗಳ ಚಿತ್ರಣದಲ್ಲಿ.

ತ್ರಿವೇಣಿಯವರು ಎತ್ತದೆ ಬಿಟ್ಟ ಪ್ರಶ್ನೆಯೊಂದನ್ನು ಗಿರೀಶ ಕಾರ್ನಾಡರು ‘ಒಡಕಲು ಬಿಂಬ’ದಲ್ಲಿ (2005) ಎತ್ತುತ್ತಾರೆ: ಇಂಥ ಕಥೆಯನ್ನು ಬರೆಯುವ ಅಧಿಕಾರ ಯಾರದು? ಕನ್ನಡದ ಕಥೆಗಾರ್ತಿ ಮಂಜುಳಾ ನಾಯಕ್ ಇಂಗ್ಲಿಷಿನಲ್ಲಿ ಪ್ರಕಟಿಸಿದ ಕಾದಂಬರಿಯು ಅವಳಿಗೆ ಕೀರ್ತಿ ತಂದಿದೆ. ಅದರ ನಾಯಕಿ ಅಂಗವಿಕಲೆ. ಗಾಲಿಕುರ್ಚಿಯಲ್ಲೇ ಬದುಕಿ ತೀರಿಕೊಂಡ ತಂಗಿ ಮಾಲಿನಿಯೇ ಅದಕ್ಕೆ ಪ್ರೇರಣೆ ಎಂದು ಅವಳು ಹೇಳಿಕೊಳ್ಳುತ್ತಾಳೆ. ದೂರದರ್ಶನ ಸ್ಟುಡಿಯೊದ ಪರದೆಯ ಮೇಲೆ ಉಳಿದ ಅವಳದೇ ಬಿಂಬವು ಪ್ರಶ್ನೆಗೆ ಪ್ರಶ್ನೆ ಸೇರಿಸಿ ಹೊರಗೆಳೆಯುವ ಸತ್ಯವೆಂದರೆ, ಕಾದಂಬರಿಯನ್ನು ಬರೆದವಳು ಮಾಲಿನಿ. ಆರೋಗ್ಯವಂತಳೊಬ್ಬಳು ಅಂಗವಿಕಲೆಯ ಅಂತರಂಗವನ್ನು ಇಷ್ಟು ಬಲ್ಲಳೇ ಎಂಬ ಬೆರಗೇ ಮಂಜುಳೆಯ ಕೀರ್ತಿಗೆ ಅಡಿಗಲ್ಲಾಗಿದ್ದರೆ, ಆ ಬೆರಗಿನೊಳಗೇ ಒಂದು ಅಪಮಾನ ಅಡಗಿದೆ. ಅಂಗವಿಕಲೆ ತಾನೇ ಬರೆದಿರಬಹುದೆಂದು ಯಾರಿಗೂ ತೋಚಲಿಲ್ಲ.

ಆದರೂ ನಾಟಕವನ್ನು ಇನ್ನೊಂದು ಪ್ರಶ್ನೆಗೆ ಒಳಪಡಿಸಬೇಕು. ಕಳ್ಳತನವನ್ನು ಬಯಲಿಗೆಳೆಯುವ ಈ ಕೃತಿಯಲ್ಲೂ ಮಾಲಿನಿ ದೇಹಧಾರಿಯಾಗಿ ರಂಗಕ್ಕೆ ಬರುವುದಿಲ್ಲ. ನಾವು ಅವಳನ್ನು ಕಾಣುವುದು ಅಕ್ಕನ ಅಸೂಯೆ ಮತ್ತು ಪಾಪಪ್ರಜ್ಞೆಗಳ ಮೂಲಕ. ದೇಹ ಸೋತಲ್ಲಿ ಬುದ್ಧಿಯು ಅಸಾಧಾರಣವಾಗಿ ಬೆಳಗುತ್ತದೆ ಎಂಬ ಹಳೆಯ ಸಮಾಧಾನವೂ ಅವಳ ಚಿತ್ರಣದಲ್ಲಿ ಪೂರ್ತಿ ಅಳಿದಿಲ್ಲ. ಪ್ರತಿಭೆಯಿಲ್ಲದ, ಸಾಮಾನ್ಯಳಾದ ಮಾಲಿನಿಯೊಬ್ಬಳಿದ್ದಿದ್ದರೆ ನಾಟಕವು ಅವಳಿಗೆ ಎಷ್ಟು ಜಾಗ ಕೊಡುತ್ತಿತ್ತು?

ಪುಣೆಯ ಸುಮಿತ್ರಾ ಭಾವೆ (1943–2021) ಮತ್ತು ಸುನೀಲ್ ಸುಖಠಣಕರರ ಮರಾಠಿ ಚಲನಚಿತ್ರಗಳು ಇಲ್ಲಿ ತುಲನೆಗೆ ಯೋಗ್ಯವಾಗಿವೆ. ಸಮಾಜಕಾರ್ಯವನ್ನು ಕಲಿತು ಕಲಿಸಿದ ಭಾವೆಯವರು ‘ದೇವರಾಈ’ಯಲ್ಲಿ (2004) ಸ್ಕಿಜೋಫ್ರೇನಿಯಾವನ್ನೂ ‘ಕಾಸವ’ದಲ್ಲಿ ಖಿನ್ನತೆಯನ್ನೂ ‘ಅಸ್ತು’ವಿನಲ್ಲಿ ಮರೆಗುಳಿತನವನ್ನೂ ವಸ್ತುವಾಗಿಸಿಕೊಂಡರು. ‘ಅಸ್ತು’ವಿನ ಚಕ್ರಪಾಣಿ ಶಾಸ್ತ್ರಿಗಳು ನಿವೃತ್ತ ಸಂಸ್ಕೃತ ವಿದ್ವಾಂಸರು. ಆ ಪಾತ್ರ ವಹಿಸಿದ ಮೋಹನ ಆಗಾಶೆಯವರು ಸ್ವತಃ ಮನೋವೈದ್ಯರು. ಕಾರ್ನಾಡರಂತೆ ಪುಣೆಯ ಚಲನಚಿತ್ರ ಸಂಸ್ಥೆಯ ನಿರ್ದೇಶಕರಾಗಿದ್ದವರು. ಶಾಸ್ತ್ರಿಗಳು ಬೀದಿಯಲ್ಲಿ ಆನೆಯೊಂದನ್ನು ಕಂಡು, ಕಾರಿನಿಂದಿಳಿದು ಅದರ ಹಿಂದೆ ಹೊರಟುಬಿಡುತ್ತಾರೆ. ಮಗಳಿಗೆ ಇದು ತಂದೆ ಕಳೆದುಹೋದ ಗಳಿಗೆ. ಅವರಿಗೋ ಅದು ಒಂದು ಬಯಕೆಯ ಗಳಿಗೆ. ಎಲ್ಲವನ್ನೂ ಮರೆಯುತ್ತಿರುವ ವ್ಯಕ್ತಿಗೂ ಬೇಕು–ಬೇಡಗಳಿವೆ ಎಂದು ಈ ಸನ್ನಿವೇಶ ತೋರಿಸುತ್ತದೆ. ಚಿತ್ರದ ಹಿರಿಮೆ ಇಲ್ಲಿದೆ.

ಅವರನ್ನು ಸಲಹುವವಳು ಮಾವುತನ ಹೆಂಡತಿ ಚನ್ನಮ್ಮ. ಹೆಸರೇ ಕನ್ನಡಿಗರಿಗೆ ಆಪ್ತ. ಈ ಪಾತ್ರಕ್ಕಾಗಿ ಅಮೃತಾ ಸುಭಾಷರಿಗೂ ಸಂಭಾಷಣೆಗಾಗಿ ಭಾವೆಯವರಿಗೂ 2013ರ ಸಾಲಿನ ರಾಷ್ಟ್ರೀಯ ಪ್ರಶಸ್ತಿಗಳು ಸಂದವು. ರೋಗದ ಹೆಸರರಿಯದ ಚನ್ನಮ್ಮ ಮುದುಕರನ್ನು ಮಗುವೆಂದು ಬಗೆಯುತ್ತಾಳೆ. ಶಾಸ್ತ್ರಿಗಳ ವಿದ್ವತ್ತು ಅವಳಿಗೆ ಗೊತ್ತಿಲ್ಲ; ಆದ್ದರಿಂದ ಅದು ಹೋಯಿತೆಂಬ ದುಃಖವೂ ಅವಳಿಗಿಲ್ಲ. ಮಗಳು ಹಿಂದಿದ್ದ ತಂದೆಯನ್ನು ಹುಡುಕುತ್ತಾಳೆ, ಚನ್ನಮ್ಮ ಎದುರಿಗಿರುವ ಮನುಷ್ಯನಿಗೆ ಉಣಿಸುತ್ತಾಳೆ. ಈ ವೈದೃಶ್ಯವು ಮಾರ್ಮಿಕವಾದುದು. ಆದರೆ ಮಧ್ಯಮವರ್ಗದ ಮನೆಯು ಹೊರಲಾರದ ಹೊರೆಯನ್ನು ಬಡವಳೊಬ್ಬಳ ಸಹಜ ಮಮತೆಗೆ ಒಪ್ಪಿಸಿ ನಿಟ್ಟುಸಿರುಬಿಡುವುದು ಸುಲಭ. ಚನ್ನಮ್ಮನ ದಣಿವನ್ನು ಕೇಳುವವರು ಯಾರು? ಅವಳು ತಿಂಗಳುಗಟ್ಟಲೆ ಅವರನ್ನು ನೋಡಿಕೊಳ್ಳಬೇಕಾಗಿದ್ದರೆ ಆ ಮಮತೆಯ ಗತಿಯೇನು? ಆರೈಕೆಯು ಶ್ರಮವೂ ಹೌದೆಂಬುದನ್ನು ಕರುಣರಸವು ಮರೆಸುವ ಅಪಾಯವಿದೆ.

ಅನುಭವಿಸಿದವರೇ ಬರೆಯಬೇಕೆಂಬ ನಿಯಮವನ್ನು ಈ ವಿವೇಚನೆಯಿಂದ ಹೊರಡಿಸಲಾಗದು. ಅಂಥ ನಿಯಮವು ಪರಕಾಯ ಪ್ರವೇಶವನ್ನೇ, ಎಂದರೆ ಕಥನವನ್ನೇ ನಿಷೇಧಿಸೀತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಘನತೆ ಮತ್ತು ಸಮಾನತೆಗಳನ್ನು ಹಕ್ಕೆಂದು ಸಾರಿದೆ. ಆದರೆ ‘ಹುಚ್ಚಿ’ ಎಂಬ ಪದವನ್ನು ತೆಗೆದು ಗೌರವದ ಪದವನ್ನಿಟ್ಟ ಮಾತ್ರಕ್ಕೆ ಕಥೆಯು ಗೌರವಯುತವಾಗುವುದಿಲ್ಲ. ಸುತ್ತಲಿನವರ ಕಣ್ಣೀರನ್ನು ಕೃತಿಯಿಂದ ತೆಗೆದುಹಾಕಿ ನೋಡಬೇಕು. ಆಗಲೂ ಆ ಪಾತ್ರಕ್ಕೆ ಸ್ವಂತ ಇಚ್ಛೆ, ಹಟ, ಹಾಸ್ಯ, ತಪ್ಪು ಮಾಡುವ ಸ್ವಾತಂತ್ರ್ಯ ಉಳಿದಿವೆಯೇ? ಕಾವೇರಿಯ ಸಿಟ್ಟು ಉಳಿಯುತ್ತದೆ. ಆನೆಯ ಹಿಂದೆ ಹೊರಟ ಶಾಸ್ತ್ರಿಗಳ ಬಯಕೆ ಉಳಿಯುತ್ತದೆ. ಮಾಲಿನಿಯ ಹಸ್ತಪ್ರತಿ ಉಳಿಯುತ್ತದೆ, ಆದರೆ ಬೇರೊಬ್ಬಳ ಹೆಸರಿನಲ್ಲಿ. ಕನ್ನಡ ವಿಮರ್ಶೆಯು ತೀರಿಸಬೇಕಾದ ಋಣ ಆ ಹಸ್ತಪ್ರತಿಗೆ ಸಂಬಂಧಿಸಿದ್ದು. ಅಂಗವೈಕಲ್ಯವನ್ನೂ ಮನೋರೋಗವನ್ನೂ ಬಾಳಿದವರು ಬರೆದದ್ದನ್ನು ಮರುಕದಿಂದಲ್ಲದೆ, ಇತರ ಕೃತಿಗಳಿಗೆ ಅನ್ವಯಿಸುವ ಅಳತೆಗೋಲಿನಿಂದಲೇ ಓದಬೇಕಾಗಿದೆ.