ಮಳೆಗಾಲ ಬಿಟ್ಟು ಬರೆದ ಮಲೆನಾಡು

ಪರಿಸರ ಪರಿಣಾಮ ಅಧ್ಯಯನಕ್ಕೆ (ಇಐಎ) ಸಂಬಂಧಿಸಿದ 2006ರ ಅಧಿಸೂಚನೆಗೆ ನಮ್ಮ ಪರಿಸರ ಬರಹಗಾರರಲ್ಲಿ ಅದರ ಯೋಗ್ಯತೆಗೆ ಮೀರಿದ ಗೌರವ ಬಂದುಬಿಟ್ಟಿದೆ. ಇದಕ್ಕೆ ಕಾರಣ ಅದರ ಬದಲಿಗೆ ತರಲು ಹೊರಟ 2020ರ ಕರಡು. ಜನರ ಅಹವಾಲಿಗೆ ಕೊಡುವ 30 ದಿನಗಳನ್ನು 20ಕ್ಕೆ ಇಳಿಸಲು ಹೊರಟ ಆ ಕರಡನ್ನು ವಿರೋಧಿಸಲೇಬೇಕಿತ್ತು. ಪ್ರಾದೇಶಿಕ ಭಾಷೆಗಳಲ್ಲಿ ಅದು ಜನರಿಗೆ ಸಿಕ್ಕಿಲ್ಲವೆಂದು ನಮ್ಮ ಹೈಕೋರ್ಟ್ ಅಂತಿಮ ಅಧಿಸೂಚನೆಗೆ ತಡೆ ಕೊಟ್ಟದ್ದೂ ಸರಿಯೇ. ಆದರೆ ಆ ಹೋರಾಟದ ಭರದಲ್ಲಿ, ‘ಹಳೆಯದು ಒಳ್ಳೆಯ ಕಾನೂನು, ಜಾರಿಗೆ ತಂದವರು ಕೆಡಿಸಿದರು’ ಎಂಬ ಮಾತು ನೂರು ಬಾಯಲ್ಲಿ ಹೊರಳಿ ನಂಬಿಕೆಯೇ ಆಗಿಹೋಯಿತು. ನಾನು ಅದನ್ನು ಒಪ್ಪುವುದಿಲ್ಲ. ದೋಷ ಜಾರಿಯಲ್ಲೂ ಇದೆ, ನಿಜ. ಅದಕ್ಕಿಂತ ದೊಡ್ಡ ದೋಷ ಅಧ್ಯಯನದ ಕ್ರಮದಲ್ಲೇ ಇದೆ.

ಅಧಿಸೂಚನೆಯ ಮೂರನೆಯ ಅನುಬಂಧ ಇಐಎ ವರದಿಗೆ 12 ಅಧ್ಯಾಯಗಳ ಚೌಕಟ್ಟು ಕೊಡುತ್ತದೆ. ಮೂರನೆಯ ಅಧ್ಯಾಯದಲ್ಲಿ ಆ ಜಾಗದ ಪರಿಸರ ಈಗ ಹೇಗಿದೆ ಎಂಬ ವಿವರಣೆ ಬರಬೇಕು. ಉಳಿದದ್ದೆಲ್ಲ ನಿಂತಿರುವುದು ಇದರ ಮೇಲೆ. ಇಲ್ಲಿ ಕಾಣದ ಹಳ್ಳ ಬತ್ತುತ್ತದೆಂದು ನಾಲ್ಕನೆಯ ಅಧ್ಯಾಯ ಹೇಳಲಾರದು. ಅದನ್ನು ಉಳಿಸುವ ಯೋಜನೆಯನ್ನು ಹತ್ತನೆಯ ಅಧ್ಯಾಯ ಮಾಡಲಾರದು.

ಈ ಮೂರನೆಯ ಅಧ್ಯಾಯ ತಯಾರಾಗುವುದು ಹೇಗೆ? ಸಾಮಾನ್ಯವಾಗಿ ಯೋಜನೆಯ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ, ಒಂದು ಋತುವಿನ ಅಳತೆಗಳಿಂದ. ಆ ಒಂದು ಋತು ಮಳೆಗಾಲ ಆಗಿರಬಾರದು! 1994ರ ಅಧಿಸೂಚನೆಯ ತ್ವರಿತ ಅಧ್ಯಯನದಲ್ಲಿದ್ದ ಈ ನಿಯಮ 2006ರ ನಂತರವೂ ಪದ್ಧತಿಯಾಗಿ ಉಳಿಯಿತು. ನಾವೆಲ್ಲ ಬೈದ 2020ರ ಕರಡು, ನದಿ ಕಣಿವೆ ಯೋಜನೆಗಳ ಹೊರತು ಮಿಕ್ಕ ಯೋಜನೆಗಳಿಗೆ ಇದನ್ನೇ ಅಕ್ಷರದಲ್ಲಿ ಬರೆಯಿತು. ಈ ವಿಷಯದಲ್ಲಿ ಹಳೆಯದಕ್ಕೂ ಹೊಸದಕ್ಕೂ ಜಗಳವೇ ಇಲ್ಲ.

ಈ ನಿಯಮಕ್ಕೆ ಒಂದು ತರ್ಕ ಇದೆ, ಅದು ಗಾಳಿಯ ತರ್ಕ. ಮಳೆ ಬಿದ್ದರೆ ದೂಳು ಅಡಗುತ್ತದೆ. ಆಗ ಅಳೆದರೆ ಗಾಳಿ ಇರುವುದಕ್ಕಿಂತ ಶುದ್ಧವಾಗಿ ಕಾಣುತ್ತದೆ. ಆದ್ದರಿಂದ ಒಣ ತಿಂಗಳಲ್ಲಿ ಅಳೆಯಿರಿ ಎಂದರು. ಸೇಡಂನ ಸಿಮೆಂಟ್ ಕಾರ್ಖಾನೆಯ ಮಟ್ಟಿಗೆ ಅದು ಜನರ ಪರವಾದ ನಿಯಮವೇ. ಅದನ್ನೇ ಘಟ್ಟಕ್ಕೂ ಕರಾವಳಿಗೂ ತಂದು ಹೇರಿದಾಗ ಏನಾಗುತ್ತದೆ?

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿಗಳು, ಅಂದರೆ ರಾಮಪತ್ರೆ ಮರಗಳ ಜೌಗು ಕಾಡುಗಳು, ಇವೆ. ಅಲ್ಲಿನ ಕುಂಬಾರ ಕಪ್ಪೆಯನ್ನು ವಿಜ್ಞಾನಿಗಳು ಹೊಸ ಪ್ರಭೇದವೆಂದು ವಿವರಿಸಿದ್ದು 2014ರಲ್ಲಿ. ಹಳ್ಳದ ಬದಿಯ ಕಡ್ಡಿಗೆ ಅಂಟಿದ ಮೊಟ್ಟೆಗಳಿಗೆ ಗಂಡು ಕಪ್ಪೆ ಕೈಯಾರೆ ಕೆಸರು ಮೆತ್ತುತ್ತದೆ. ಇದು ನಡೆಯುವುದು ಮಳೆಗಾಲದಲ್ಲಿ. ಏಪ್ರಿಲ್‌ನಲ್ಲಿ ಹೋದವರಿಗೆ ಅದರ ಕೂಗೂ ಕೇಳದು. ಹತ್ತುಮೀನು ಹೊಳೆ ಬಿಟ್ಟು ಗದ್ದೆಗೆ ಏರುವುದು ಮೊದಲ ಮಳೆಗೆ. ಕರಾವಳಿಯ ಮುರಕಲ್ಲಿನ ಪದವು ಮಾರ್ಚ್‌ನಲ್ಲಿ ಬರಿ ಬಂಡೆ. ಆಗಸ್ಟ್‌ನಲ್ಲಿ ಅಲ್ಲಿ ಕೀಟಾಹಾರಿ ಗಿಡಗಳು ನೆಲದ ತುಂಬ ಹೂಬಿಟ್ಟಿರುತ್ತವೆ. ಬೇಸಿಗೆಯಲ್ಲಿ ನೋಡಿದ ಪ್ರಾಮಾಣಿಕ ಸಸ್ಯಶಾಸ್ತ್ರಜ್ಞ ಅದನ್ನು ಗಿಡಗಂಟಿಯಿಲ್ಲದ ಬಂಜರು ಎಂದೇ ಬರೆಯಬೇಕಾಗುತ್ತದೆ. ಅವನು ಸುಳ್ಳು ಹೇಳಿಲ್ಲ. ಅವನಿಗೆ ತೋರಿಸಿದ್ದೇ ಅಷ್ಟು.

ಗುಡ್ಡದ ಒಳಗಿನ ನೀರಿನ ಮಾತೂ ಇದೇ. ಜಲದ ಕಣ್ಣುಗಳು ತೆರೆಯುವುದು, ಮಣ್ಣು ನೆನೆದು ಭಾರವಾಗುವುದು ಆಷಾಢ–ಶ್ರಾವಣದಲ್ಲಿ. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಜರಿದು ಜನರನ್ನು ಬಲಿ ತೆಗೆದುಕೊಂಡದ್ದು 2024ರ ಜುಲೈ 16ರಂದು. ಕೊಡಗಿನ ಬೆಟ್ಟಗಳು ಕುಸಿದದ್ದು 2018ರ ಆಗಸ್ಟ್‌ನಲ್ಲಿ. ಒಣ ಋತುವಿನ ಅಳತೆ ಇಂಥ ಅಪಾಯವನ್ನು ಹಿಡಿಯಲಾರದು.

ಇಷ್ಟು ಹೇಳಿದರೆ ನಮ್ಮ ವಿಮರ್ಶಕ ಮಿತ್ರರು ದಾಂಡೇಲಿಯ ಪ್ರಸಂಗ ಎತ್ತುತ್ತಾರೆ. 2000ದಲ್ಲಿ ಕಾಳಿ ನದಿಯ ದಾಂಡೇಲಿ ಜಲವಿದ್ಯುತ್ ಯೋಜನೆಗೆ ಹೆಸರಾಂತ ಸಲಹಾ ಸಂಸ್ಥೆಯೊಂದು ಕೊಟ್ಟ ವರದಿಯ ಬಹುಭಾಗ ತಟ್ಟಿಹಳ್ಳ ಯೋಜನೆಯ ವರದಿಯ ನಕಲು ಎಂಬುದು ಬಯಲಾಯಿತು. ಅದನ್ನು ಪತ್ತೆ ಹಚ್ಚಿದವರ ಶ್ರಮಕ್ಕೆ ನನ್ನ ಗೌರವವಿದೆ. ಆದರೆ ಅಂದಿನಿಂದ ನಮ್ಮ ವಿಮರ್ಶೆ ನಕಲು ಹಿಡಿಯುವ ಕೆಲಸಕ್ಕೇ ಅಂಟಿಕೊಂಡಿತು. ನಕಲು ಸಿಕ್ಕರೆ ಏನಾಗುತ್ತದೆ? ಇನ್ನೊಬ್ಬರಿಂದ ಹೊಸ ವರದಿ ಬರುತ್ತದೆ. ನಕಲಿಲ್ಲದ ಆ ವರದಿಗೂ ಮಳೆಗಾಲ ಕಾಣದಿದ್ದರೆ ನಾವು ಗೆದ್ದದ್ದೇನು? ಸಲಹಾ ಸಂಸ್ಥೆಗಳಿಗೆ ಮಾನ್ಯತೆ ಕಡ್ಡಾಯ ಮಾಡಿದ ಸುಧಾರಣೆಯೂ ಇಂಥದ್ದೇ: ನೋಡುವವನ ಅರ್ಹತೆ ಪರೀಕ್ಷಿಸಿತು, ಏನು ನೋಡಬೇಕೆಂಬುದನ್ನು ಮುಟ್ಟಲಿಲ್ಲ. ವರದಿಯ ಖರ್ಚು ಕಂಪನಿಯೇ ಕೊಡುವುದು ಎಲ್ಲ ಕೇಡಿನ ಮೂಲ ಎನ್ನುವವರಿಗೂ ನನ್ನ ಉತ್ತರ ಇದೇ. ನಾಳೆ ಸರ್ಕಾರವೇ ಹಣ ಕೊಟ್ಟು ಸ್ವತಂತ್ರ ವಿಜ್ಞಾನಿಯನ್ನು ಕಳಿಸಲಿ. ಅವನ ಕೈಗೂ ಸಿಗುವುದು ಮಾರ್ಚ್‌ನಿಂದ ಮೇವರೆಗಿನ ಕಾಲವಾದರೆ ಅವನೂ ಒಣ ಹಳ್ಳವನ್ನೇ ಬರೆದಾನು.

ನದಿ ಕಣಿವೆ ಯೋಜನೆಗಳಿಗೆ ಮಳೆಗಾಲದ ಅಂಕಿಅಂಶವನ್ನೂ ಕೇಳುತ್ತಾರೆ, ತಜ್ಞರ ಸಮಿತಿಗೆ ಹೆಚ್ಚಿನ ಅಧ್ಯಯನ ಬೇಕೆನ್ನುವ ಅಧಿಕಾರವೂ ಇದೆ. ಎರಡೂ ನಿಜ. ಮಳೆಗಾಲ ಮುಖ್ಯವೆಂದು ನಿಯಮ ಬರೆದವರಿಗೆ ಗೊತ್ತಿತ್ತು ಎಂಬುದನ್ನಷ್ಟೇ ಇದು ತೋರಿಸುತ್ತದೆ. ಗಣಿಗೆ, ಕೈಗಾರಿಕೆಗೆ, ಹೆದ್ದಾರಿಗೆ ಅದು ಸಮಿತಿಯ ಇಷ್ಟಕ್ಕೆ ಬಿಟ್ಟ ಮಾತಾಗಿದೆ. ಘಟ್ಟ ಮತ್ತು ಕರಾವಳಿಯ ಜಿಲ್ಲೆಗಳಲ್ಲಿ ಮಳೆಗಾಲದ ಅಳತೆ ಇಲ್ಲದ ಇಐಎಯನ್ನು ಅಧ್ಯಯನವೆಂದು ಒಪ್ಪಲೇಬಾರದು.

ನಿಮ್ಮ ತಾಲ್ಲೂಕಿನಲ್ಲಿ ಪರಿಸರ ಅಹವಾಲು ಸಭೆ ಕರೆದಾಗ ಕನ್ನಡದ ಸಾರಾಂಶವನ್ನಷ್ಟೇ ಓದಿ ನಿಲ್ಲಿಸಬೇಡಿ. ಇಂಗ್ಲಿಷ್ ಓದಬಲ್ಲ ಒಬ್ಬರನ್ನು ಜೊತೆಗಿಟ್ಟುಕೊಂಡು ಪೂರ್ತಿ ವರದಿಯ ಮೂರನೆಯ ಅಧ್ಯಾಯ ತೆಗೆಸಿ, ಯಾವ ತಿಂಗಳುಗಳಲ್ಲಿ ಅಳೆದಿದ್ದಾರೆ ಎಂದು ನೋಡಿ. ಮಳೆಗಾಲ ಇಲ್ಲದಿದ್ದರೆ ಅದನ್ನೇ ಲಿಖಿತ ಆಕ್ಷೇಪವಾಗಿ ಕೊಡಿ. ಸಭೆಯ ಕೊನೆಗೆ ಅಹವಾಲುಗಳ ಸಾರವನ್ನು ಜನರ ಭಾಷೆಯಲ್ಲಿ ಓದಿಹೇಳಬೇಕೆಂದು 2006ರ ಅಧಿಸೂಚನೆಯೇ ಹೇಳುತ್ತದೆ. ಅದರಲ್ಲಿ ನಿಮ್ಮ ಆಕ್ಷೇಪ ಕೇಳಿಬರುವವರೆಗೆ ಎದ್ದು ಹೋಗಬೇಡಿ.