ತನ್ನ ಪಾತ್ರವನ್ನು ತಾನೇ ಮಾಡಿದ ಹಡಗು

ಮುಂಬ್ರಾದ ನಮ್ಮ ಕಟ್ಟಡದಲ್ಲಿ ನೇವಲ್ ಡಾಕ್‌ಯಾರ್ಡಿನಿಂದ ನಿವೃತ್ತರಾದ ಫಿಟ್ಟರ್ ಒಬ್ಬರಿದ್ದಾರೆ. ಉಡುಪಿ ಕಡೆಯವರು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಬೆಳಗಿನ ಸ್ಲೋ ಲೋಕಲ್ ಹಿಡಿದು, ವಿ.ಟಿ.ಯಲ್ಲಿ ಇಳಿದು, ಡಾಕ್‌ಯಾರ್ಡಿನ ಲಯನ್ ಗೇಟಿನವರೆಗೆ ನಡೆದವರು. ಪೊವೆಲ್ ಮತ್ತು ಪ್ರೆಸ್‌ಬರ್ಗರ್ ಜೋಡಿ 1956ರಲ್ಲಿ ತೆರೆಗೆ ತಂದ ‘ದಿ ಬ್ಯಾಟಲ್ ಆಫ್ ದಿ ರಿವರ್ ಪ್ಲೇಟ್’ ಚಿತ್ರವನ್ನು ನಾನು ಅವರ ಜೊತೆ ಕೂತು ನೋಡಿದೆ. ಬೂದು ಬಣ್ಣದ ಹಡಗೊಂದು ಅಲೆ ಸೀಳಿಕೊಂಡು ಬಂದದ್ದೇ ತಡ, ಅವರು ಚಾ ಲೋಟ ಕೆಳಗಿಟ್ಟು, “ಇದು ನಮ್ಮ ಡೆಲ್ಲಿ ಅಲ್ವಾ ಮಾರಾಯ್ರೆ!” ಎಂದರು.

ಹೌದು, ಅದು ಐಎನ್‌ಎಸ್ ಡೆಲ್ಲಿಯೇ. ಚಿತ್ರದಲ್ಲಿ ಅದರ ಹೆಸರು ಅಕಿಲೀಸ್. ಆದರೆ ಅದು ವೇಷವಲ್ಲ, ಹಡಗಿನ ಹಳೆಯ ಹೆಸರೇ ಅದು. 1939ರ ಡಿಸೆಂಬರ್ 13ರಂದು ದಕ್ಷಿಣ ಅಮೆರಿಕದ ಕಡಲಲ್ಲಿ ಎಕ್ಸೆಟರ್ ಮತ್ತು ಅಜಾಕ್ಸ್ ಜೊತೆ ಸೇರಿ ಜರ್ಮನಿಯ ‘ಗ್ರಾಫ್ ಸ್ಪೀ’ಯನ್ನು ಅಟ್ಟಿಸಿಕೊಂಡು ಹೋದ ಹಡಗು ಇದು. 1948ರಲ್ಲಿ ಭಾರತ ಇದನ್ನು ಕೊಂಡಿತು. ಕಾಳಗದಲ್ಲಿದ್ದ ಉಳಿದೆರಡು ಬ್ರಿಟಿಷ್ ಹಡಗುಗಳ ಪಾತ್ರಕ್ಕೆ ಬೇರೆ ಹಡಗುಗಳನ್ನು ಹುಡುಕಬೇಕಾಯಿತು: ಅಜಾಕ್ಸ್ ಆಗಿ ಶೆಫೀಲ್ಡ್, ಎಕ್ಸೆಟರ್ ಆಗಿ ಜಮೈಕಾ. ಕಂಬರ್ಲ್ಯಾಂಡ್ ತನ್ನ ಪಾತ್ರವನ್ನೇ ಮಾಡಿತು ನಿಜ, ಆದರೆ ಅದು ಗುಂಡಿನ ಸದ್ದು ನಿಂತ ಮೇಲೆ ಬಂದ ಹಡಗು.

ಚಿತ್ರದ ಸತ್ವವೆಲ್ಲ ಈ ಕಬ್ಬಿಣದಲ್ಲೇ ಇದೆ. ಸಮುದ್ರ ಕಾಳಗವನ್ನು ಕೊಳದಲ್ಲಿ ಆಟಿಕೆ ತೇಲಿಸಿ ತೋರಿಸುವುದು ಆಗಿನ ರೂಢಿ. ಇಲ್ಲಿ ಗ್ರಾಫ್ ಸ್ಪೀಯ ಕೊನೆಯ ಸ್ಫೋಟಕ್ಕೆ ಮಾದರಿ ಹಡಗು ಬಳಸಿದ್ದಾರಾದರೂ ಓಟ, ತಿರುವು, ಹೊಗೆಯ ಪರದೆ ಹೆಚ್ಚಾಗಿ ನಿಜವಾದ ಹಡಗುಗಳವು. ಅಷ್ಟು ಭಾರದ ಉಕ್ಕು ಒಮ್ಮೆಲೇ ಮಗ್ಗುಲು ಬದಲಿಸುವಾಗ ನೀರು ಹೇಗೆ ಬಾಗುತ್ತದೆ ಎನ್ನುವುದನ್ನು ಯಾವ ಮಾದರಿಯೂ ತೋರಿಸಲಾರದು. ಪೀಟರ್ ಫಿಂಚ್ ಮಾಡಿದ ಜರ್ಮನ್ ಕ್ಯಾಪ್ಟನ್ ಲಾಂಗ್ಸ್‌ಡಾರ್ಫ್ ಕೂಡ ಖಳನಲ್ಲ, ದಣಿದ ಸಭ್ಯ ಮನುಷ್ಯ. ಯುದ್ಧ ಮುಗಿದು ಹನ್ನೊಂದೇ ವರ್ಷಕ್ಕೆ ಬ್ರಿಟಿಷ್ ಚಿತ್ರವೊಂದು ಶತ್ರುವನ್ನು ಹೀಗೆ ನೋಡಿದ್ದು ಸಣ್ಣ ಮಾತಲ್ಲ.

ಚಿತ್ರ ಎಡವುವುದು ಗ್ರಾಫ್ ಸ್ಪೀ ಹಡಗಿನಲ್ಲೇ. ಅಸಲಿ ಹಡಗಿಗೆ ಮುಂದೊಂದು ಹಿಂದೊಂದು, ಎರಡೇ ಟರೆಟ್. ಒಂದೊಂದರಲ್ಲೂ ಮೂರು ಹನ್ನೊಂದು ಇಂಚಿನ ತೋಪು. ಅದರ ವೇಷ ಹಾಕಿದ್ದು ಅಮೆರಿಕದ ಸೇಲಂ. 1947ರಲ್ಲಿ ನೀರಿಗಿಳಿದ ಈ ದೈತ್ಯನಿಗೆ ಮುಂದೆಯೇ ಎರಡು ಟರೆಟ್. ಮೈಮೇಲಿನ 139 ಎಂಬ ಸಂಖ್ಯೆಯನ್ನೂ ಅಳಿಸಲಿಲ್ಲ. ಅದು ವೇಷ ಮರೆಸುವ ಉಪಾಯ ಎಂದು ಚಿತ್ರ ಸಬೂಬು ಹೇಳುತ್ತದೆ. ನಮ್ಮ ಫಿಟ್ಟರ್ ಒಪ್ಪಲಿಲ್ಲ. “ಭೀಮನ ಪಾತ್ರಕ್ಕೆ ಬಂದವ ಕೈಗಡಿಯಾರ ಕಟ್ಟಿಕೊಂಡೇ ರಂಗಕ್ಕೆ ಬಂದ ಹಾಗಾಯ್ತು” ಎಂದರು.

ಇದು ಬರೀ ವೇಷಭೂಷಣದ ತಪ್ಪಾಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಗ್ರಾಫ್ ಸ್ಪೀಯ ಆಕಾರವೇ ಅದರ ಕತೆ. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ ಹತ್ತು ಸಾವಿರ ಟನ್ನಿಗಿಂತ ದೊಡ್ಡ ಯುದ್ಧನೌಕೆ ಕಟ್ಟಬಾರದೆಂದು ವರ್ಸೇಲ್ಸ್ ಒಪ್ಪಂದ ಕಟ್ಟು ಹಾಕಿತ್ತು. ವಿಲ್‌ಹೆಲ್ಮ್ಸ್‌ಹಾವನ್‌ನ ಕಟ್ಟೆಯವರು ರಿವೆಟ್ ಬಿಟ್ಟು ವೆಲ್ಡಿಂಗ್ ಹಿಡಿದರು, ಉಗಿಯಂತ್ರ ಬಿಟ್ಟು ಡೀಸೆಲ್ ಇಟ್ಟರು. ಉಳಿಸಿದ ತೂಕವನ್ನೆಲ್ಲ ತೋಪಿಗೆ ಸುರಿದರು. ಅಷ್ಟಾದರೂ 1934ರಲ್ಲಿ ನೀರಿಗಿಳಿದ ಹಡಗು ಹನ್ನೆರಡು ಸಾವಿರ ದಾಟಿತ್ತು. ಲೆಕ್ಕದಲ್ಲಿ ಮಾತ್ರ ಹತ್ತೇ ಸಾವಿರ. ಅತ್ತ ಬ್ರಿಟನ್ನಿಗೆ 1922ರ ವಾಷಿಂಗ್ಟನ್ ಮತ್ತು 1930ರ ಲಂಡನ್ ಒಪ್ಪಂದಗಳ ಹಂಗು. ಜೊತೆಗೆ ಆರ್ಥಿಕ ಕುಸಿತ. ಬೇಕಾದದ್ದು ಅಗ್ಗದ, ಹೆಚ್ಚು ಸಂಖ್ಯೆಯ ಹಡಗುಗಳು. ಬರ್ಕನ್‌ಹೆಡ್‌ನ ಕ್ಯಾಮೆಲ್ ಲೇಯರ್ಡ್ ಕಟ್ಟೆಯಿಂದ 1932ರ ಸೆಪ್ಟೆಂಬರ್ 1ರಂದು ಇಳಿದ ಅಕಿಲೀಸ್ ಏಳು ಸಾವಿರ ಟನ್ನಿನ ಆಸುಪಾಸಿನದು, ಎಂಟು ತೋಪು, ಆರೇ ಇಂಚಿನವು. ಅಂದರೆ ಡಿಸೆಂಬರಿನ ಆ ಬೆಳಿಗ್ಗೆ ಎದುರುಬದುರಾದದ್ದು ಎರಡು ಬಗೆಯ ಜಿಪುಣತನ. ಚಿತ್ರಕ್ಕೆ ಇದರ ಗೊಡವೆಯಿಲ್ಲ. ಅದಕ್ಕೆ ಬೇಕಾದದ್ದು ಕಪ್ತಾನರ ಧೈರ್ಯ ಮಾತ್ರ. ಗ್ರಾಫ್ ಸ್ಪೀ ಆಶ್ರಯ ಪಡೆದ ಮೊಂಟೆವಿಡಿಯೊ ಬಂದರಿನಲ್ಲಿ ರಾಯಭಾರಿಗಳ ವಾದ ಶುರುವಾದ ಮೇಲಂತೂ ಚಿತ್ರ ಕೆಸರಿಗೆ ಸಿಕ್ಕಿದ ದೋಣಿಯಂತೆ ನಿಂತುಬಿಡುತ್ತದೆ.

ಮುಂಬಯಿಯಲ್ಲಿ ಕೂತು ನೋಡುವವನಿಗೆ ಇನ್ನೊಂದು ಕಸಿವಿಸಿ. ನಮ್ಮ ಮುಂಬ್ರಾದ ರೇತಿ ಬಂದರಿನ ಖಾಡಿಯಲ್ಲಿ ಮೇಲಕ್ಕೆ ಹೋದರೆ ಕಲ್ಯಾಣ. 1657ರಲ್ಲಿ ಆ ಊರು ಕೈಸೇರಿದ ಮೇಲೆ ಶಿವಾಜಿ ಯುದ್ಧನೌಕೆ ಕಟ್ಟಿಸತೊಡಗಿದ್ದು ಆ ಸೀಮೆಯಲ್ಲೇ. ಕೆಳಗೆ ಮುಂಬಯಿಯಲ್ಲಿ ವಾಡಿಯಾ ಮನೆತನ 1735ರಿಂದ ಹಡಗು ಕಟ್ಟಿತು. ಅವರು 1817ರಲ್ಲಿ ತೇಗದಲ್ಲಿ ಕಟ್ಟಿದ ಟ್ರಿಂಕೊಮಲಿ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ತೇಲುತ್ತಿದೆ. ಅಂಥ ಊರಿನ ಡಾಕ್‌ಯಾರ್ಡಿಗೆ ಎರಡು ಮಹಾಯುದ್ಧಗಳ ನಡುವೆ ಉಳಿದ ಮುಖ್ಯ ಕೆಲಸ ದುರಸ್ತಿ. ಬ್ರಿಟಿಷ್ ಭಾರತದ ನೌಕಾಪಡೆಯಾದ ರಾಯಲ್ ಇಂಡಿಯನ್ ಮರೀನ್‌ಗೆ ಬಂದ ಲಾರೆನ್ಸ್, ಕ್ಲೈವ್ ಕಟ್ಟಿದ್ದು ಸ್ಕಾಟ್ಲೆಂಡಿನ ಬಿಯರ್ಡ್‌ಮೋರ್. 1930ರ ಹಿಂದುಸ್ತಾನ್, 1934ರ ಇಂಡಸ್ ಎರಡೂ ಟೈನ್ ನದಿ ದಂಡೆಯವು. ಬಿಯರ್ಡ್‌ಮೋರ್ ಕಟ್ಟೆಗೇ ಕೆಲಸವಿಲ್ಲದೆ 1930ರಲ್ಲಿ ಬಾಗಿಲು ಬಿತ್ತು. ಇತ್ತ 1919ರಲ್ಲಿ ಹುಟ್ಟಿದ ಸಿಂಧಿಯಾ ಕಂಪನಿಯ ವಾಲ್‌ಚಂದ್ ಹಿರಾಚಂದ್ ಹಡಗುಕಟ್ಟೆಯ ಅಡಿಗಲ್ಲು ನೋಡಲು 1941ರವರೆಗೆ ಕಾಯಬೇಕಾಯಿತು, ಅದೂ ವಿಶಾಖಪಟ್ಟಣದಲ್ಲಿ. ಸ್ವತಂತ್ರ ಭಾರತಕ್ಕೆ ಮೊದಲ ಕ್ರೂಸರ್ ಎಂದು ಸಿಕ್ಕಿದ್ದು ಹದಿನೈದು ವರ್ಷ ಓಡಿದ ಈ ಅಕಿಲೀಸ್. ಚಿತ್ರದ ಹೊತ್ತಿಗೆ ಅದನ್ನು ನಡೆಸುತ್ತಿದ್ದವರು ಭಾರತದ ನಾವಿಕರು. ತೆರೆಯ ಮೇಲೆ ಅವರು ಅಂದಿನ ಅಕಿಲೀಸಿನ ನ್ಯೂಜಿಲೆಂಡಿನವರು. ಗುರುತು ಸಿಗದಷ್ಟು ದೂರದಿಂದ ತೆಗೆದ ದೃಶ್ಯಗಳನ್ನು ಕಂಡಾಗಲೆಲ್ಲ ನನಗೆ ಹಡಗಿಗಿಂತ ಅವರನ್ನೇ ಹುಡುಕುವ ಚಟ ಹತ್ತಿತು.

1961ರಲ್ಲಿ ದೀವ್ ಕಾರ್ಯಾಚರಣೆಗೂ ಹೋಗಿ ಬಂದ ಡೆಲ್ಲಿ 1978ರ ಜೂನ್ 30ರಂದು ಮುಂಬಯಿಯಲ್ಲಿ ನಿವೃತ್ತಿಯಾಯಿತು, ಗುಜರಿಗೆ ಹೋಯಿತು. ಅದರ ಒಂದು ಟರೆಟನ್ನು ಭಾರತ ನ್ಯೂಜಿಲೆಂಡಿಗೆ ಉಡುಗೊರೆ ಕೊಟ್ಟಿತು. ಟರೆಟ್ ಆಕ್ಲೆಂಡಿನ ನೌಕಾನೆಲೆಯ ಬಾಗಿಲಲ್ಲಿದೆ.

ಚಿತ್ರ ಮುಗಿದ ಮೇಲೆ ನಮ್ಮ ಹಿರಿಯರು ಕಾಳಗದ ಭಾಗವನ್ನು ಮತ್ತೆ ಹಾಕಿಸಿದರು. ಕ್ಯಾಮೆರಾ ಹೆಚ್ಚಾಗಿ ಅಧಿಕಾರಿಗಳ ಬ್ರಿಜ್ ಬಿಟ್ಟು ಕದಲದು. ಎಂಜಿನ್ ಕೋಣೆಯ ಮೇಲೆ ಅದಕ್ಕೆ ಅಷ್ಟೇನೂ ಆಸಕ್ತಿಯಿಲ್ಲ. ಅವರು ಕನ್ನಡಕ ಹಣೆಗೇರಿಸಿ ಪರದೆಗೆ ಹತ್ತಿರ ಬಾಗಿ ಕಾದರು. “ಸ್ವಲ್ಪ ಕೆಳಗೆ ಇಳೀಲಿ ನೋಡುವ. ನಾನು ಪ್ಯಾಕಿಂಗ್ ಹಾಕಿದ ವಾಲ್ವ್ ಇರ್ಬೇಕು ಅಲ್ಲಿ.”