ಹೇಳದೆ ಉಳಿದ ಮೂರು ಕಾರಣ

ಮುಳಬಾಗಿಲಿನ ಹತ್ತಿರದ ಕುರುಡುಮಲೆಯ ಗಣಪತಿಗೆ ಪೂಜೆ ಮಾಡಿಸಿ ಹೊರಟರೆ ಹಿಡಿದ ಕೆಲಸ ಕೈಗೂಡುತ್ತದೆ ಎಂಬ ನಂಬಿಕೆ ನಮ್ಮ ಸೀಮೆಯಲ್ಲಿ ಗಟ್ಟಿಯಾಗಿದೆ. 1999ರಲ್ಲಿ ಎಸ್.ಎಂ. ಕೃಷ್ಣ ಅವರ ಪಾಂಚಜನ್ಯ ಯಾತ್ರೆ ಹೊರಟದ್ದು ಇಲ್ಲಿಂದ. 2023ರ ಫೆಬ್ರವರಿಯಲ್ಲಿ ಡಿ.ಕೆ. ಶಿವಕುಮಾರ್ ಅವರು ಚುನಾವಣೆಯ ಯಾತ್ರೆ ಹೊರಟದ್ದೂ ಇಲ್ಲಿಂದಲೇ. ಇಡೀ ರಾಜ್ಯವನ್ನು ಒಪ್ಪಿಸಬೇಕಾದ ಮಾತು ಮೊದಲು ಬಾಯಿ ತೆರೆಯುವುದು ಆ ಆಳೆತ್ತರ ಮೀರಿದ ಏಕಶಿಲೆಯ ಮುಂದೆ. ನಾನು ಮತ್ತು ಇಬ್ಬರು ಗೆಳೆಯರು ಅಲ್ಲಿಗೆ ಹೋಗುವುದು ನಾಟಕ ಓದುವುದಕ್ಕೆ. ಗಣಪತಿಯ ದರ್ಶನ ಮುಗಿಸಿ ಸೋಮೇಶ್ವರ ಗುಡಿಯ ಕಡೆ ನಡೆದು, ಹೊರಗೆ ನೆರಳಿದ್ದ ಕಡೆ ಕೂತು, ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದುತ್ತೇವೆ. ನಾಟಕದ ಮಾತು ಬಾಯಿಗೆ ಬಂದ ಮೇಲೆಯೇ ತನ್ನ ಗುಟ್ಟು ಬಿಡುವುದು.

ಈ ಸಲ ಓದಿದ್ದು 'ಮ್ಯಾಕ್‌ಬೆತ್'. ಅದಕ್ಕೆ ಈ ನೆಲದ ಹಕ್ಕೂ ಇದೆ. ಡಿ.ವಿ. ಗುಂಡಪ್ಪನವರು ಹುಟ್ಟಿದ್ದು 1887ರಲ್ಲಿ, ಮುಳಬಾಗಿಲಿನಲ್ಲಿ. 1943ರ ಕಗ್ಗದ ಡಿವಿಜಿ ಮನೆಮನೆಗೆ ಗೊತ್ತು. ಅದಕ್ಕೂ ಏಳು ವರ್ಷ ಮುಂಚೆ ಷೇಕ್ಸ್‌ಪಿಯರನ ಈ ರುದ್ರನಾಟಕವನ್ನು ಕನ್ನಡಕ್ಕೆ ತಂದ ಡಿವಿಜಿಯನ್ನು ನೆನೆಯುವವರು ಕಡಿಮೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ. ಪತ್ರಿಕೋದ್ಯಮಿಯಾಗಿ ದಿವಾನರನ್ನೂ ದರ್ಬಾರನ್ನೂ ಹತ್ತಿರದಿಂದ ಕಂಡವರು, ಅಧಿಕಾರ ಮನುಷ್ಯನ ಕಿವಿಯಲ್ಲಿ ಏನು ಪಿಸುಗುಡುತ್ತದೆ ಎಂದು ಬಲ್ಲವರು ಅವರು. ಇದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಮಾಸ್ತಿಯವರು 'ಲಿಯರ್'ಅನ್ನು ತಂದರು. ಅದರಲ್ಲಿ ಹೆಣ್ಣುಮಕ್ಕಳ ಸವಿಮಾತಿಗೆ ಮರುಳಾದ ತಂದೆ. ಇದರಲ್ಲಿ ಹೆಂಡತಿಯ ಬಿರುಮಾತಿಗೆ ಸೋತ ಗಂಡ. ಒಂದೇ ಜಿಲ್ಲೆಯ ಇಬ್ಬರು ಹಿರಿಯರು ಮಾತು ಮತ್ತು ದ್ರೋಹದ ನಂಟಿನ ಎರಡು ನಾಟಕಗಳನ್ನು ನಮಗೆ ಕೊಟ್ಟುಹೋಗಿದ್ದಾರೆ.

'ಮ್ಯಾಕ್‌ಬೆತ್' ಎಂದರೆ ಎಲ್ಲರೂ ಮಾಟಗಾತಿಯರ ಮಾತೆತ್ತುತ್ತಾರೆ. ನನಗೆ ಮುಖ್ಯವಾದದ್ದು ಮೊದಲ ಅಂಕದ ಏಳನೆಯ ದೃಶ್ಯ, ಎಂಬತ್ತು ಚಿಲ್ಲರೆ ಸಾಲು. ಒಳಗೆ ದೊರೆ ಡಂಕನ್ ಊಟಕ್ಕೆ ಕೂತಿದ್ದಾನೆ. ಆತಿಥೇಯ ಮ್ಯಾಕ್‌ಬೆತ್ ಪಂಕ್ತಿ ಬಿಟ್ಟು ಹೊರಗೆ ಬಂದು ಒಬ್ಬನೇ ಮಾತಾಡಿಕೊಳ್ಳುತ್ತಾನೆ. ನಾನು ಅವನ ನೆಂಟ, ಕೊಲ್ಲಬಾರದು. ನಾನು ಅವನ ಪ್ರಜೆ, ಕೊಲ್ಲಬಾರದು. ನಾನು ಅವನಿಗೆ ಅನ್ನ ಇಕ್ಕಿದವನು, ಕೊಲೆಗಾರ ಬಂದರೆ ಬಾಗಿಲು ಹಾಕಬೇಕಾದವನು. ನಾನೇ ಕತ್ತಿ ಹಿಡಿಯುವುದೇ? ಜೊತೆಗೆ ಡಂಕನ್ ಸಾತ್ವಿಕ ದೊರೆ, ಅವನ ಸಾವಿಗೆ ಲೋಕವೇ ಅಳುತ್ತದೆ. ಇಷ್ಟೂ ಅವನಿಗೆ ಸ್ಪಷ್ಟ. ಧರ್ಮಶಾಸ್ತ್ರ ಬಲ್ಲವನೂ ಇದಕ್ಕಿಂತ ಚೆನ್ನಾಗಿ ಹೇಳಲಾರ.

ಅಷ್ಟರಲ್ಲಿ ಹೆಂಡತಿ ಬರುತ್ತಾಳೆ. ಅವನು ಈ ವ್ಯವಹಾರ ಇಲ್ಲಿಗೆ ಸಾಕು ಎನ್ನುತ್ತಾನೆ. ಕೊಲೆಯನ್ನು ಕೊಲೆ ಎನ್ನುವುದಿಲ್ಲ. ಕಾರಣ ಏನು ಕೊಡುತ್ತಾನೆ? ದೊರೆ ಈಚೆಗೆ ತಾನೇ ನನಗೆ ಮರ್ಯಾದೆ ಮಾಡಿದ್ದಾನೆ, ಜನರ ಬಾಯಲ್ಲಿ ಒಳ್ಳೆಯ ಹೆಸರು ಬಂದಿದೆ, ಹೊಸ ಬಟ್ಟೆಯ ಹೊಳಪಿನಂಥ ಆ ಹೆಸರನ್ನು ಇಷ್ಟು ಬೇಗ ಕಳಚಿ ಎಸೆಯುವುದೇಕೆ ಎಂದು. ನೆಂಟತನ ಎಲ್ಲಿ ಹೋಯಿತು? ಅನ್ನ ಇಕ್ಕಿದವನ ಹೊಣೆ? ಮೂರೂ ಕಾರಣ ಸ್ವಗತದಲ್ಲೇ ಉಳಿದವು, ಹೆಂಡತಿಯ ಕಿವಿಗೆ ಬೀಳಲೇ ಇಲ್ಲ.

ಇದನ್ನು ನಾನು ಎಷ್ಟೋ ವರ್ಷ ಕಣ್ಣಿನಲ್ಲಿ ಓದಿ ದಾಟಿಬಿಟ್ಟಿದ್ದೆ. ಕುರುಡುಮಲೆಯಲ್ಲಿ ಗೆಳೆಯ ಸ್ವಗತ ಮುಗಿಸಿ ಅದೇ ಉಸಿರಿನಲ್ಲಿ ಸಂಭಾಷಣೆಗೆ ಇಳಿದಾಗ ಅವನ ದನಿಯೇ ಸಣ್ಣದಾಯಿತು. ಪುಸ್ತಕ ಕೆಳಗಿಟ್ಟು, "ಇವನು ಯಾಕೆ ಇವಳಿಗೆ ನಿಜ ಹೇಳಲಿಲ್ಲ?" ಎಂದ. ಆ ಮಧ್ಯಾಹ್ನವೆಲ್ಲ ನಾವು ಮಾತಾಡಿದ್ದು ಅದೊಂದನ್ನೇ.

ಲೇಡಿ ಮ್ಯಾಕ್‌ಬೆತ್ತಳ ಮಾತಿನ ಬಲವನ್ನು ಹೊಗಳುವವರು ಇದನ್ನು ಗಮನಿಸಬೇಕು. ಅವಳು ಗೆದ್ದದ್ದು ಅವನು ಮುಂದಿಟ್ಟ ಬಡಕಲು ಕಾರಣವನ್ನು ಮಾತ್ರ. ಹೆಸರಿನ ಆಸೆಯಿಂದ ಹಿಂದೆಗೆಯುವವನಿಗೆ ಹೇಡಿ ಎಂದರೆ ಸಾಕು, ಅದೇ ಆಸೆ ಅವನನ್ನು ಮುಂದಕ್ಕೆ ನೂಕುತ್ತದೆ. ಅವಳು ಅವನ ಪ್ರೀತಿಯನ್ನು ಅಳೆಯುತ್ತಾಳೆ, ಗಂಡಸುತನವನ್ನು ಕೆಣಕುತ್ತಾಳೆ, ಕೊಟ್ಟ ಮಾತನ್ನು ನೆನಪಿಸುತ್ತಾಳೆ. ತಾನು ಅಂಥ ಆಣೆ ಇಟ್ಟಿದ್ದರೆ ಹಾಲು ಕುಡಿಯುವ ಕೂಸನ್ನೂ ಬಿಡುತ್ತಿರಲಿಲ್ಲ ಎನ್ನುವಾಗ ಕೇಳುವವರ ಮೈ ಜುಮ್ಮೆನ್ನುತ್ತದೆ. ಆಗ ಅವನು ಕೇಳುವುದು ಒಂದೇ ಪ್ರಶ್ನೆ: ಸೋತರೆ? ತಪ್ಪೋ ಸರಿಯೋ ಎಂಬ ಲೆಕ್ಕ ಅಲ್ಲಿಗೆ ಮುಗಿದು, ಆಗುತ್ತದೋ ಇಲ್ಲವೋ ಎಂಬ ಲೆಕ್ಕ ಶುರುವಾಗಿರುತ್ತದೆ. ಅದಕ್ಕೆ ಅವಳ ಬಳಿ ಉತ್ತರ ಸಿದ್ಧವಿದೆ: ಕಾವಲಿನವರಿಗೆ ಕುಡಿಸುವುದು, ತಪ್ಪನ್ನು ಅವರ ತಲೆಗೆ ಕಟ್ಟುವುದು. ಈ ದೃಶ್ಯದಲ್ಲಿ ಮೊದಲ ದ್ರೋಹ ನಡೆದದ್ದು ಡಂಕನ್ನನಿಗಲ್ಲ; ಮ್ಯಾಕ್‌ಬೆತ್ ತನ್ನ ಮನಸ್ಸು ಕಂಡ ನಿಜಕ್ಕೆ ಬಾಯಿ ಕೊಡದೆ ದ್ರೋಹ ಮಾಡಿದ. ಕತ್ತಿ ಆಮೇಲೆ ಬಂತು.

ಇದಕ್ಕೆ ಎದುರಾಗಿ ಇಡಬೇಕಾದ ದೃಶ್ಯ ನಮ್ಮ ಊರುಗಳಲ್ಲೇ ಇದೆ. ಸುಗ್ಗಿ ಮುಗಿದ ಮೇಲೆ ಕೋಲಾರ ಸೀಮೆಯಲ್ಲಿ ಆಡುವ 'ಕುರುಕ್ಷೇತ್ರ' ನಾಟಕವನ್ನು ನೋಡದವರು ಯಾರು? ಹಾರ್ಮೋನಿಯಂ ಮೇಷ್ಟ್ರು, ಬಾಡಿಗೆಯ ಸೀನರಿ, ಹಗಲು ಹೊಲದಲ್ಲಿ ದುಡಿದು ರಾತ್ರಿ ಕಿರೀಟ ಇಟ್ಟುಕೊಳ್ಳುವ ರೈತ. ಶಕುನಿಗೆ ಶಿಳ್ಳೆ ಬೀಳುತ್ತದೆ, ದುರ್ಯೋಧನನ ಹಾಡಿಗೆ ಒನ್ಸ್ ಮೋರ್ ಬೀಳುತ್ತದೆ. ಕೃಷ್ಣ ಕರ್ಣನನ್ನು ಒಂಟಿಯಾಗಿ ಕಂಡು ಜನ್ಮರಹಸ್ಯ ಬಿಚ್ಚುವಾಗ ಮಾತ್ರ ಜನ ಉಸಿರು ಬಿಗಿಹಿಡಿದು ಕೂರುತ್ತಾರೆ.

ಒಡಂಬಡಿಸುವ ಮಾತಿನಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಯಾವ ಭಾಷೆಯ ರಂಗದಲ್ಲೂ ಕಂಡಿಲ್ಲ. ಕೃಷ್ಣ ಸುಳ್ಳು ಹೇಳುವುದಿಲ್ಲ. ನೀನು ಕುಂತಿಯ ಮಗ, ಪಾಂಡವರಿಗೆ ಅಣ್ಣ, ಸಿಂಹಾಸನ ನಿನ್ನದು: ಪ್ರತಿಯೊಂದೂ ನಿಜ. ಆ ನಿಜ ಬಂದ ಹೊತ್ತು ಮಾತ್ರ ಯುದ್ಧದ ಹೊಸ್ತಿಲು. ಕುಮಾರವ್ಯಾಸನ ಉದ್ಯೋಗಪರ್ವದಲ್ಲಿ ಕರ್ಣನ ಎದೆ ಒಡೆಯುತ್ತದೆ, ಕಣ್ಣು ತುಂಬುತ್ತದೆ. ಆದರೆ ಅವನು ತನ್ನ ಕಾರಣವನ್ನು ಕೃಷ್ಣನ ಮುಖಕ್ಕೇ ಹೇಳುತ್ತಾನೆ: ದುರ್ಯೋಧನ ನನ್ನನ್ನು ಸಾಕಿದ, ನಂಬಿದ, ಅವನನ್ನು ಬಿಡಲಾರೆ. ವ್ಯಾಸರ ಕರ್ಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ಗುಟ್ಟು ಧರ್ಮರಾಯನಿಗೆ ತಿಳಿಯದಿರಲಿ ಎಂದು ಕೇಳಿಕೊಳ್ಳುತ್ತಾನೆ. ತಿಳಿದರೆ ಅವನು ರಾಜ್ಯ ನನಗೆ ಕೊಡುತ್ತಾನೆ, ನಾನು ಅದನ್ನು ದುರ್ಯೋಧನನಿಗೆ ಕೊಟ್ಟುಬಿಡುತ್ತೇನೆ ಎಂದು. ಗಟ್ಟಿಯಾಗಿ ಆಡಿದ ಮಾತು ಅವನನ್ನು ಸಾವಿನಿಂದ ಉಳಿಸಲಿಲ್ಲ. ದ್ರೋಹದಿಂದ ಉಳಿಸಿತು. ಮ್ಯಾಕ್‌ಬೆತ್ತನಿಗೆ ಇದ್ದದ್ದು ಒಂದಲ್ಲ, ಮೂರು ಋಣ. ಒಂದನ್ನೂ ಅವನು ಬಾಯಿ ಬಿಟ್ಟು ಹೇಳಲಿಲ್ಲ.

ಹೀಗೆ ಬಾಯಿ ಬಿಡದವನ ಈ ನಾಟಕ ಕನ್ನಡಕ್ಕೆ ಬಂದದ್ದು ಡಿವಿಜಿಯವರಿಂದ ಮಾತ್ರವಲ್ಲ. 1895ರಲ್ಲೇ ಎಂ.ಎಲ್. ಶ್ರೀಕಂಠೇಶಗೌಡರು ಅದನ್ನು 'ಪ್ರತಾಪ ರುದ್ರದೇವ' ಮಾಡಿದ್ದರು. ಎಚ್.ಎಸ್. ಶಿವಪ್ರಕಾಶರು ಅದನ್ನು 'ಮಾರನಾಯಕನ ದೃಷ್ಟಾಂತ'ವಾಗಿಸಿದರು, ಹುಲುಗಪ್ಪ ಕಟ್ಟೀಮನಿ ಅವರು ಅದನ್ನು ಸೆರೆಮನೆಯ ಬಂದಿಗಳಿಂದ ಆಡಿಸಿದರು. ಕೈಗೆ ರಕ್ತ ಅಂಟಿದ ಪಾತ್ರವನ್ನು ಶಿಕ್ಷೆ ಅನುಭವಿಸುತ್ತಿರುವವರು ಆಡುವುದು ನಮ್ಮ ರಂಗಭೂಮಿಯ ದೊಡ್ಡ ಕೆಲಸಗಳಲ್ಲಿ ಒಂದು ಎಂದು ನಾನು ನಂಬಿದ್ದೇನೆ.

ಕಾಲೇಜಿನ ಪಾಠದಲ್ಲಿ ಈ ನಾಟಕವನ್ನು 'ಮಹತ್ವಾಕಾಂಕ್ಷೆಯ ದುರಂತ' ಎಂಬ ಒಂದು ಸಾಲಿಗೆ ಇಳಿಸಿ ಟಿಪ್ಪಣಿ ಬರೆಸುವುದನ್ನು ಮೇಷ್ಟ್ರುಗಳು ದಯವಿಟ್ಟು ಬಿಡಬೇಕು. ಹುಡುಗರ ಕೈಗೆ ಏಳನೆಯ ದೃಶ್ಯ ಕೊಡಿ. ಒಬ್ಬ ಮ್ಯಾಕ್‌ಬೆತ್, ಒಬ್ಬಳು ಅವನ ಹೆಂಡತಿ, ಮೂರನೆಯವರ ಕೈಯಲ್ಲಿ ಪೆನ್ಸಿಲು. ಸ್ವಗತದಲ್ಲಿ ಬಂದ ಕಾರಣಗಳನ್ನು ಗುರುತು ಹಾಕಿಕೊಂಡು, ಸಂಭಾಷಣೆಯಲ್ಲಿ ಅವುಗಳಲ್ಲಿ ಎಷ್ಟು ಮತ್ತೆ ಬಂದವು ಎಂದು ಎಣಿಸಲಿ. ಕಾಲು ಗಂಟೆ ಸಾಕು.